ದಿವಾರ್ ದ್ವೀಪದ ಗಜನಿಯನ್ನು ಮೇಲಿಂದ ಓದುವುದು: ಸ್ಟೀರಿಯೊಸ್ಕೋಪ್ ಕಟ್ಟಿದ ಲೆಕ್ಕ, ಕೆಟ್ಟ ಲೆಕ್ಕ

ಕೆಲಸ ಇಷ್ಟು. ಗೋವಾದ ದಿವಾರ್ ದ್ವೀಪದ ಖಜಾನ್ ಗದ್ದೆಗಳನ್ನು ಡ್ರೋನಿನಿಂದ ನೇರ ಕೆಳಮುಖವಾಗಿ ತೆಗೆಯಬೇಕು. ಒಂದೇ ಜಾಗದ ಜೋಡಿ ಚಿತ್ರಗಳನ್ನು ಮನೆಯಲ್ಲೇ ಕಟ್ಟಿದ ಸ್ಟೀರಿಯೊಸ್ಕೋಪಿನಲ್ಲಿಟ್ಟು (ಕಣ್ಣಿಗೊಂದು ಲೆನ್ಸ್ ಇರುವ ಪೆಟ್ಟಿಗೆ, ಅದರಲ್ಲಿ ಎರಡು ಚಿತ್ರ ಒಂದಾಗಿ ಕೂಡಿ ಎತ್ತರ ತಗ್ಗು ಎದ್ದು ಕಾಣುತ್ತದೆ) ಒಡ್ಡು ಯಾವುದು, ಕಾಲುವೆ ಯಾವುದು, ಕಾಂಡ್ಲ (ಮ್ಯಾಂಗ್ರೋವ್) ಯಾವುದು, ತೆಂಗು ಯಾವುದು ಎಂದು ಬರೆಯಬೇಕು. ಆಮೇಲೆ ಫೆರಿ ಹತ್ತಿ ಹೋಗಿ ನೆಲದ ಮೇಲೆ ತಾಳೆ ನೋಡಬೇಕು. ಖಜಾನ್ ಅಂದರೆ ಏನೆಂದು ಕುಮಟಾ, ಅಂಕೋಲಾ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಅಘನಾಶಿನಿ ದಂಡೆಯ ಗಜನಿಯೇ ಅದು. ಉಪ್ಪುನೀರು ತಡೆಯಲು ಮಣ್ಣಿನ ಒಡ್ಡು, ಒಡ್ಡಿನಲ್ಲೊಂದು ಮರದ ತೂಬುಬಾಗಿಲು, ಒಳಗೆ ಭತ್ತ ಮತ್ತು ಸಿಗಡಿ. ಈ ಬಾಗಿಲಿಗೆ ಕೊಂಕಣಿಯಲ್ಲಿ ಮಾನಸ್ ಎನ್ನುತ್ತಾರೆ. ಇಳಿತದಲ್ಲಿ ಅದು ತಾನೇ ಹೊರಕ್ಕೆ ತೆರೆಯುತ್ತದೆ, ಭರತದಲ್ಲಿ ತಾನೇ ಮುಚ್ಚುತ್ತದೆ.

ಪಣಜಿ, ವಾಸ್ಕೊ, ಪೋಂಡಾ ಕಡೆ ಭೂಗೋಳ ಓದುತ್ತಿರುವ ಕನ್ನಡದ ಹುಡುಗರಿಗೆ ಪ್ರಾಕ್ಟಿಕಲ್‌ಗೆ ಅನುಕೂಲವಾಗಲಿ ಎಂದು ಅಳತೆ ಸಮೇತ ಬರೆದಿಟ್ಟಿದ್ದು. ಸಿದ್ಧಾಂತ ಪಠ್ಯಪುಸ್ತಕದಲ್ಲಿದೆ, ಇಲ್ಲಿಲ್ಲ.

ಹಂತ 1: ಲೆನ್ಸ್

ಶಾಲೆಯ ಪ್ರಯೋಗಶಾಲೆಗೆ ಮಾರುವ ಪೀನ ಮಸೂರ ಸಾಕು. 50 ಮಿ.ಮೀ. ವ್ಯಾಸ, 10 ಸೆಂ.ಮೀ. ಸಂಗಮದೂರ, ಒಂದಕ್ಕೆ ಸುಮಾರು ₹120. ಎರಡು ಬೇಕು, ಆದರೆ ಐದು ತರಬೇಕು. ಕಾರಣ: ಡಬ್ಬದ ಮೇಲೆ 10 ಸೆಂ.ಮೀ. ಎಂದೇ ಬರೆದಿರುತ್ತದೆ, ಒಳಗಿನದ್ದು 96 ಮಿ.ಮೀ. ಇರಬಹುದು, 103 ಕೂಡ ಇರಬಹುದು. ಅಂಥ ಎರಡನ್ನು ಜೋಡಿ ಮಾಡಿದರೆ ಎಡಗಣ್ಣಿನ ಚಿತ್ರ ಬಲಗಣ್ಣಿನದ್ದಕ್ಕಿಂತ ಸುಮಾರು ಶೇ 7ರಷ್ಟು ದೊಡ್ಡದಾಗಿ ಕಾಣುತ್ತದೆ. ನಡುವೆ ಚಿತ್ರ ಕೂಡಿಕೊಳ್ಳುತ್ತದೆ, ಅಂಚಿಗೆ ಹೋದಂತೆ ಬಿಟ್ಟುಕೊಳ್ಳುತ್ತದೆ, ಐದು ನಿಮಿಷಕ್ಕೆ ತಲೆನೋವು. ಮೊದಲ ಪೆಟ್ಟಿಗೆ ಹಾಳಾದದ್ದು ಇದರಿಂದಲೇ.

ಪರೀಕ್ಷೆ ಸುಲಭ. ಕೋಣೆಯ ದೀಪ ಆರಿಸಿ, ದೂರದ ಕಿಟಕಿಯಾಚೆಗಿನ ಮರದ ಬಿಂಬವನ್ನು ಬಿಳಿ ಕಾಗದದ ಮೇಲೆ ಹಿಡಿದು, ಲೆನ್ಸಿನಿಂದ ಕಾಗದಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಒಂದಕ್ಕೊಂದು 2 ಮಿ.ಮೀ. ಒಳಗೆ ಬರುವ ಎರಡನ್ನು ಆರಿಸಿ, ಉಳಿದವನ್ನು ಭೂತಗನ್ನಡಿಗೆ ಇಟ್ಟುಕೊಳ್ಳಿ.

ಹಂತ 2: ಪೆಟ್ಟಿಗೆ

5 ಮಿ.ಮೀ. ಸನ್‌ಬೋರ್ಡ್, ಕಟರ್, ಫೆವಿಕಾಲ್. ಮೇಲಿನ ಹಲಗೆ 150 × 70 ಮಿ.ಮೀ. ಎರಡು ತೂತುಗಳ ನಡುವಿನ ಅಂತರ ನಿಮ್ಮ ಕಣ್ಣುಪಾಪೆಗಳ ಅಂತರದಷ್ಟು. ಕನ್ನಡಕದ ಚೀಟಿಯಲ್ಲಿ ಪಿ.ಡಿ. ಎಂದು ಬರೆದಿರುತ್ತಾರೆ, ಹೆಚ್ಚಿನವರಿಗೆ 60ರಿಂದ 66. ನಾಲ್ಕು ಜನ ನೋಡುವುದಿದ್ದರೆ 64ಕ್ಕೆ ಕೊರೆದು ಬಿಡಿ.

ಕಾಲುಗಳ ಎತ್ತರ: ಲೆನ್ಸಿನ ನಡುಭಾಗದಿಂದ ಚಿತ್ರಕ್ಕೆ ಸರಿಯಾಗಿ ಸಂಗಮದೂರದಷ್ಟು, ಅಥವಾ 2 ಮಿ.ಮೀ. ಕಡಿಮೆ. ಹೆಚ್ಚಾಗಕೂಡದು. ನಡುವೆ ಮೂಗಿಗೆ ಜಾಗ ಬಿಟ್ಟು ಕಪ್ಪು ಕಾರ್ಡ್‌ಶೀಟಿನ ಒಂದು ತಡೆ ನಿಲ್ಲಿಸಿದರೆ ಎಡಗಣ್ಣು ಬಲಚಿತ್ರವನ್ನು ಇಣುಕುವುದಿಲ್ಲ. ಈ ತಡೆ ಇಲ್ಲದೆ ಮೊದಲ ಬಾರಿ ನೋಡುವವರಿಗೆ ಚಿತ್ರ ಕೂಡುವುದೇ ಕಷ್ಟ. ಪಕ್ಕದ ಗೋಡೆಗಳನ್ನು ಮುಚ್ಚಬೇಡಿ, ಚಿತ್ರದ ಮೇಲೆ ಬೆಳಕು ಬೀಳಬೇಕು.

ಹಂತ 3: ಹಾರಾಟ

250 ಗ್ರಾಂ ಒಳಗಿನ ನ್ಯಾನೊ ಡ್ರೋನ್, ಗೆಳೆಯರದ್ದು. 2021ರ ಡ್ರೋನ್ ನಿಯಮದಲ್ಲಿ ನ್ಯಾನೊಗೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ದಾಬೋಲಿಯಲ್ಲಿ ನೌಕಾಪಡೆಯ ನೆಲೆಯಿದೆ, ಉತ್ತರಕ್ಕೆ ಮೋಪಾ ವಿಮಾನ ನಿಲ್ದಾಣ ಬಂದಿದೆ. ಆದ್ದರಿಂದ ಹಾರಿಸುವ ದಿನವೇ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆರೆದು ಆ ಜಾಗ ಹಸಿರು ವಲಯವೇ (ಮುಂಗಡ ಅನುಮತಿ ಬೇಡದ ಜಾಗವೇ) ಎಂದು ನೋಡಬೇಕು. ಹಸಿರು ವಲಯದಲ್ಲೂ 400 ಅಡಿಯೇ ಮಿತಿ, ಅಂದರೆ ಸುಮಾರು 120 ಮೀಟರ್. ಪಕ್ಕದ ಚೋರಾವ್ ದ್ವೀಪದ ಪಶ್ಚಿಮ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆ, ಅದರತ್ತ ತಿರುಗಿಸುವ ಮಾತೇ ಇಲ್ಲ.

ಎತ್ತರ 100 ಮೀ. ಕ್ಯಾಮೆರಾ ನೇರ ಕೆಳಗೆ, ಮೈನಸ್ 90 ಡಿಗ್ರಿ. ಈ ಎತ್ತರದಲ್ಲಿ ಇಂಥ ಕ್ಯಾಮೆರಾದ ಒಂದು ಚಿತ್ರ ನೆಲದ ಮೇಲೆ ಸುಮಾರು 143 × 107 ಮೀ. ಹಿಡಿಯುತ್ತದೆ. 4000 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್‌ಗೆ 3.6 ಸೆಂ.ಮೀ. ನೆಲ. ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ನೀರು ಹೆಚ್ಚು ಬಂದ ಚಿತ್ರದಲ್ಲಿ ಗದ್ದೆ ಬೆಳ್ಳಗಾಗುತ್ತದೆ, ಅದೇ ಗದ್ದೆ ಮುಂದಿನ ಚಿತ್ರದಲ್ಲಿ ಕಪ್ಪಗಾಗುತ್ತದೆ. ಆಮೇಲೆ ಛಾಯೆ ನೋಡಿ ಏನನ್ನೂ ಹೇಳಲಾಗದು.

ಹೊತ್ತು: ಡಿಸೆಂಬರ್, ಬೆಳಿಗ್ಗೆ 10.15. ಇದಕ್ಕೆ ಎರಡು ಕಾರಣ. ಒಂದು, ಕಡಲಗಾಳಿ ಏಳುವ ಮೊದಲು ಹಗುರ ಡ್ರೋನ್ ನೆಟ್ಟಗೆ ನಿಲ್ಲುತ್ತದೆ. ಎರಡನೆಯದು ನೀರಿನ ಹೊಳಪು. ಈ ಲೆನ್ಸ್ ಮೂಲೆಯಲ್ಲಿ ಸುಮಾರು 42 ಡಿಗ್ರಿ ಓರೆಯಾಗಿ ನೋಡುತ್ತದೆ. ಸೂರ್ಯ 48 ಡಿಗ್ರಿಗಿಂತ ಮೇಲೇರಿದರೆ ಅದರ ಪ್ರತಿಫಲನ ಚಿತ್ರದೊಳಗೇ ಬೀಳಬಹುದು, ಬಿದ್ದಲ್ಲಿ ನೀರು ಬಿಳಿ ಬಣ್ಣ ಬಳಿದಂತೆ ಕಾಣುತ್ತದೆ. ಡಿಸೆಂಬರಿನಲ್ಲಿ ಈ ತೊಂದರೆ ನಡುಮಧ್ಯಾಹ್ನದ ಸುಮಾರಿಗೆ ಮಾತ್ರ. ಏಪ್ರಿಲ್ ಕೊನೆಯಲ್ಲಾದರೆ ಬೆಳಿಗ್ಗೆ ಒಂಬತ್ತೂವರೆಯೊಳಗೆ ಮುಗಿಸಬೇಕು.

ಗೆರೆ: ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಹಾರಾಟ ಈಶಾನ್ಯದಿಂದ ನೈಋತ್ಯಕ್ಕೆ, ನೆರಳಿಗೆ ಅಡ್ಡಲಾಗಿ. ಹೀಗೆ ಹಾರಿಸಿದರೆ ವಾಯವ್ಯ ನಮ್ಮ ಹೊಟ್ಟೆಯ ಕಡೆ ಬರುವಂತೆ ಚಿತ್ರ ಇಟ್ಟುಕೊಂಡಾಗ ನೆರಳು ನಮ್ಮ ಕಡೆಗೇ ಬೀಳುತ್ತದೆ, ಮೊದಲ ಚಿತ್ರ ತಾನಾಗಿ ಎಡಕ್ಕೆ ಬರುತ್ತದೆ. ನೆರಳು ನಮ್ಮಿಂದ ಆಚೆಗೆ ಬಿದ್ದರೆ ಕಣ್ಣು ಮೋಸಹೋಗಿ ಗುಂಡಿ ದಿಬ್ಬವಾಗುತ್ತದೆ, ದಿಬ್ಬ ಗುಂಡಿಯಾಗುತ್ತದೆ. ಬಿಚೋಲಿ, ಸಾಂಕೆಳಿ ಕಡೆಯ ಗಣಿಗಳ ಉಪಗ್ರಹ ಚಿತ್ರವನ್ನು ಉತ್ತರ ಮೇಲಿಟ್ಟು ನೋಡಿದಾಗ ಗಣಿಗುಂಡಿ ಗುಡ್ಡದ ಹಾಗೆ ಕಂಡರೆ ಕಾರಣ ಇದೇ. ಪರದೆಯಲ್ಲಿ 180 ಡಿಗ್ರಿ ತಿರುಗಿಸಿ ನೋಡಿ, ಸರಿಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನೆರಳು ನೋಡಿ ಉತ್ತರ ದಿಕ್ಕು ಹೇಳುವ ಅಭ್ಯಾಸ ಗೋವಾದಲ್ಲಿ ವರ್ಷವಿಡೀ ನಡೆಯುವುದಿಲ್ಲ. ಇದು 15.5 ಡಿಗ್ರಿ ಅಕ್ಷಾಂಶ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ತಲೆಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಡುಹಗಲು ಅಂದರೂ ಗಡಿಯಾರದ 12 ಅಲ್ಲ, ಸುಮಾರು 12.30.

ಹಂತ 4: ಓವರ್‌ಲ್ಯಾಪ್ (ಇಡೀ ಕೆಲಸ ಸಿಕ್ಕಿಬಿದ್ದ ಜಾಗ)

ಪುಸ್ತಕದಲ್ಲಿ ಶೇ 60 ಓವರ್‌ಲ್ಯಾಪ್ ಎಂದಿದೆ, ಅಂದರೆ ಒಂದು ಚಿತ್ರದ ನೆಲದಲ್ಲಿ ಶೇ 60 ಮುಂದಿನ ಚಿತ್ರದಲ್ಲೂ ಬರಬೇಕು. ಅದರಂತೆ 42 ಮೀಟರ್‌ಗೊಂದು ಚಿತ್ರ ತೆಗೆದು ನೋಡಿದರೆ ಗದ್ದೆ ಚೆನ್ನಾಗಿ ಕೂಡಿತು, ಒಡ್ಡು ಎದ್ದು ನಿಂತಿತು, ಆದರೆ ಪ್ರತಿ ತೆಂಗಿನ ಮರವೂ ಎರಡೆರಡಾಗಿ ಕಂಡಿತು. ಮರದ ತಲೆಯನ್ನು ಕೂಡಿಸಿದರೆ ನೆಲ ಒಡೆಯುತ್ತದೆ, ನೆಲ ಕೂಡಿಸಿದರೆ ತಲೆ ಒಡೆಯುತ್ತದೆ. ಲೆನ್ಸನ್ನು ಅನುಮಾನಿಸಿ ಪೆಟ್ಟಿಗೆ ಬಿಚ್ಚಿ ಕಟ್ಟಿದರೂ ಅದೇ ಪಾಡು.

ತಪ್ಪು ಲೆನ್ಸಿನದ್ದಲ್ಲ. ಆ ಶೇ 60 ವಿಮಾನದ ಎತ್ತರಕ್ಕೆ ಹೇಳಿದ್ದು. 152 ಮಿ.ಮೀ. ಲೆನ್ಸಿನ ಕ್ಯಾಮೆರಾ 1520 ಮೀಟರಿನಿಂದ 1:10,000 ಚಿತ್ರ ತೆಗೆದಾಗ 15 ಮೀಟರಿನ ತೆಂಗು ಹಾರಾಟದ ಎತ್ತರದ ಶೇ 1 ಮಾತ್ರ. 100 ಮೀಟರಿನಿಂದ ನೋಡಿದರೆ ಅದೇ ಮರ ಶೇ 15. ನಮ್ಮ ಪ್ರಿಂಟಿನಲ್ಲಿ ಎಡ ಚಿತ್ರದ ಬುಡದಿಂದ ಬಲ ಚಿತ್ರದ ಬುಡಕ್ಕಿರುವ ಅಂತರಕ್ಕೂ ತುದಿಯಿಂದ ತುದಿಗಿರುವ ಅಂತರಕ್ಕೂ 7.8 ಮಿ.ಮೀ. ವ್ಯತ್ಯಾಸ ಬೀಳುತ್ತದೆ, 10 ಸೆಂ.ಮೀ. ದೂರದಿಂದ ನೋಡುವಾಗ ಅದು ನಾಲ್ಕೂವರೆ ಡಿಗ್ರಿ. ಅಷ್ಟನ್ನು ಕಣ್ಣು ಒಟ್ಟಿಗೆ ಕೂಡಿಸಲಾರದು.

ಪರಿಹಾರ: ಸೆಕೆಂಡಿಗೆ 4 ಮೀ. ವೇಗ, 4 ಸೆಕೆಂಡಿಗೊಂದು ಚಿತ್ರ. ಅಂದರೆ 16 ಮೀಟರ್‌ಗೊಂದು, ಶೇ 85 ಓವರ್‌ಲ್ಯಾಪ್. ವ್ಯತ್ಯಾಸ 3 ಮಿ.ಮೀ.ಗೆ ಇಳಿಯಿತು, ಮರ ಒಂದಾಯಿತು. ನೋಡಲು 1 ಮತ್ತು 2ನೇ ಚಿತ್ರ ಬಳಸಿ. ಎತ್ತರ ಅಳೆಯಲು 1 ಮತ್ತು 4ನೇ ಚಿತ್ರ ಬಳಸಿ, ಏಕೆಂದರೆ ಅಳತೆಗೆ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದೇ ಹಾರಾಟದಲ್ಲಿ ಎರಡೂ ಸಿಗುತ್ತವೆ.

ಹಂತ 5: ಪ್ರಿಂಟ್

ಡ್ರೋನ್ ಮುಂದೆ ಹೋಗುವುದು ಚಿತ್ರದ ಗಿಡ್ಡ ಬದಿಯ ದಿಕ್ಕಿಗೆ. ಹಾಗಾಗಿ ಎರಡನ್ನೂ 90 ಡಿಗ್ರಿ ತಿರುಗಿಸಿ ಹಾರಾಟದ ಗೆರೆಯನ್ನು ಎಡ–ಬಲ ಮಾಡಬೇಕು. ಚಿತ್ರ ತಿದ್ದುವ ಗಿಂಪ್ ತಂತ್ರಾಂಶ ಸಾಕು, ಉಚಿತ. ಪ್ರತಿ ಚಿತ್ರದ ನಡುಬಿಂದು ಗುರುತಿಸಿ, ಅದೇ ಜಾಗವನ್ನು ಇನ್ನೊಂದರಲ್ಲಿ ಹುಡುಕಿ ಗುರುತಿಸಿ. ಎರಡು ಚಿತ್ರದ ಈ ನಾಲ್ಕು ಬಿಂದುಗಳೂ ಒಂದೇ ಅಡ್ಡಗೆರೆಯ ಮೇಲೆ ಬರುವವರೆಗೆ ಚಿತ್ರಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಗಾಳಿಗೆ ಡ್ರೋನ್ ಮೂತಿ ಓರೆಯಾಗಿದ್ದರೆ ಎರಡು–ಮೂರು ಡಿಗ್ರಿ ತಿರುಗಿಸಬೇಕಾಗಬಹುದು. ಈ ಕೆಲಸ ತಪ್ಪಿಸಿದರೆ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಎಳೆದಂತಾಗುತ್ತದೆ.

ಎರಡರಲ್ಲೂ ಒಂದೇ ನೆಲ ಬರುವಂತೆ 62 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಪಟ್ಟಿ ಕತ್ತರಿಸಿ ಪಕ್ಕಪಕ್ಕ ಇಟ್ಟರೆ 6 × 8 ಇಂಚಿನ ಒಂದೇ ಪ್ರಿಂಟಿನಲ್ಲಿ ಕೂರುತ್ತದೆ. ಮ್ಯಾಪುಸಾದ ಸ್ಟುಡಿಯೊಗಳಲ್ಲಿ ಒಂದಕ್ಕೆ ₹40ರ ಆಸುಪಾಸು. ಅಂಚಿನಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದು ಕೊಡಿ, ಪ್ರಿಂಟ್ ಬಂದ ಮೇಲೆ ಸ್ಕೇಲಿಟ್ಟು ಅಳೆಯಿರಿ. ಲ್ಯಾಬ್ ಯಂತ್ರ ಅಂಚು ತುಂಬಿಸಲು ಚಿತ್ರವನ್ನು ಹಿಗ್ಗಿಸುವುದುಂಟು, 100 ಇದ್ದದ್ದು 103 ಆಗಿ ಬರುತ್ತದೆ. ‘ಕಲರ್ ಕರೆಕ್ಷನ್ ಬೇಡ, ಹೇಗಿದೆಯೋ ಹಾಗೆ’ ಎಂದು ಬಾಯಿಬಿಟ್ಟು ಹೇಳಬೇಕು.

ಎಡ ಬಲ ಅದಲುಬದಲಾದರೆ ಗೊತ್ತಾಗುವುದು ತಡ. ಬೇರೆ ಊರಿನ ಚಿತ್ರದಲ್ಲಾದರೆ ಮನೆ ಹಳ್ಳದೊಳಗೆ ಕಂಡು ತಪ್ಪು ತಕ್ಷಣ ಬಯಲಾಗುತ್ತದೆ. ಖಜಾನಿನಲ್ಲಿ ಒಡ್ಡು ಕಾಲುವೆಯಾಗುತ್ತದೆ, ಕಾಲುವೆ ಒಡ್ಡಾಗುತ್ತದೆ, ಎರಡೂ ಅಲ್ಲಿ ಇರಬೇಕಾದವೇ. ಅದಕ್ಕೇ ಪಟ್ಟಿಯಲ್ಲಿ ಒಂದಾದರೂ ತೆಂಗು ಇರುವಂತೆ ಕತ್ತರಿಸಿ. ತೆಂಗು ನೆಲದೊಳಕ್ಕೆ ಇಳಿದಂತೆ ಕಂಡರೆ ಎಡಬಲ ತಪ್ಪಿದೆ ಎಂದೇ ಅರ್ಥ.

ಹಂತ 6: ಸ್ಕೇಲ್ ಮತ್ತು ಎತ್ತರ

30 ಮೀ. ಟೇಪಿನಿಂದ ಎರಡು ಬೀಸಿಗೆ ಅಳೆದಾಗ ಎರಡು ತೂಬಿನ ಕಲ್ಲುಕಂಬಗಳ ನಡುವೆ 38.4 ಮೀ. ಪ್ರಿಂಟಿನಲ್ಲಿ 40.3 ಮಿ.ಮೀ. ಸ್ಕೇಲ್ 1:953. ಡ್ರೋನ್ ತೋರಿಸುವ 100 ಮೀ. ಅದು ಎದ್ದ ಜಾಗದಿಂದ ಲೆಕ್ಕ, ಗದ್ದೆಯಿಂದ ಅಲ್ಲ. ದ್ವೀಪದಲ್ಲೇ ಇರುವ ಪಿಯೆದಾದ್ ಗುಡ್ಡದ ಮೇಲಿಂದ ಹಾರಿಸಿ ಕೆಳಗಿನ ಗದ್ದೆ ತೆಗೆದರೆ ಸ್ಕೇಲೇ ಬೇರೆಯಾಗುತ್ತದೆ. ಆದ್ದರಿಂದ ಒಡ್ಡಿನ ಮೇಲಿಂದಲೇ ಹಾರಿಸಿದ್ದು.

ಒಂದು ತೆಂಗಿನ ಲೆಕ್ಕ, 1–2 ಜೋಡಿಯಲ್ಲಿ: ಬುಡದಿಂದ ಬುಡಕ್ಕೆ 62.0 ಮಿ.ಮೀ., ತಲೆಯಿಂದ ತಲೆಗೆ 59.0. ವ್ಯತ್ಯಾಸ 3.0. ಎರಡು ಚಿತ್ರದ ನಡುವಿನ 16 ಮೀ. ಪ್ರಿಂಟಿನಲ್ಲಿ 16.8 ಮಿ.ಮೀ. ಎತ್ತರ = 100 × 3.0 ÷ (16.8 + 3.0) = ಸುಮಾರು 15.2 ಮೀ. ಆದರೆ ಸ್ಕೇಲಿನಲ್ಲಿ ಅರ್ಧ ಮಿ.ಮೀ. ತಪ್ಪಿ ಓದಿದರೆ 2 ಮೀ. ಏರುಪೇರು. 1–4 ಜೋಡಿಯಲ್ಲಿ ಅದೇ ಅರ್ಧ ಮಿ.ಮೀ. ತಪ್ಪಿಗೆ ಮುಕ್ಕಾಲು ಮೀಟರ್ ಮಾತ್ರ.

ನೆರಳಿನಿಂದಲೂ ತಾಳೆ ನೋಡಿ. ಹಾರಾಟದ ಹೊತ್ತಿಗೆ 2 ಮೀ. ಪಿ.ವಿ.ಸಿ. ಪೈಪನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದಾಗ ನೆರಳು 2.36 ಮೀ. ಆ ತೆಂಗಿನ ನೆರಳು ಪ್ರಿಂಟಿನಲ್ಲಿ 18.6 ಮಿ.ಮೀ., ಅಂದರೆ 17.7 ಮೀ. ಎತ್ತರ 17.7 × 2 ÷ 2.36 = 15 ಮೀ. ಎರಡೂ ಹೊಂದಿದವು. ನೆರಳು ಒಡ್ಡು ಹತ್ತಿ ಇಳಿದಿದ್ದರೆ ಈ ಲೆಕ್ಕ ಬಿಡಿ, ಸಮ ಗದ್ದೆಯ ಮೇಲೆ ಬಿದ್ದ ನೆರಳಿಗಷ್ಟೇ ಇದು.

ತಲೆಯ ಅಗಲ ಅಳೆಯುವಾಗ ಇನ್ನೊಂದು ಎಚ್ಚರ. 15 ಮೀ. ಎತ್ತರದ ತಲೆ ಕ್ಯಾಮೆರಾಕ್ಕೆ 85 ಮೀ. ದೂರದಲ್ಲಿದೆ. ನೆಲದ ಸ್ಕೇಲಿನಲ್ಲಿ 9 ಮೀ. ಬಂದರೆ ನಿಜದಲ್ಲಿ 7.7 ಮೀ.

ಹಂತ 7: ಓದುವುದು

ಓ.ಎಚ್.ಪಿ. ಶೀಟನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಎಡ ಪ್ರಿಂಟಿನ ಮೇಲೆ ಟೇಪಿನಲ್ಲಿ ಅಂಟಿಸಿ, ತೆಳು ತುದಿಯ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ. ಮೊದಲು ನೀರಿನ ಅಂಚು, ಆಮೇಲೆ ಒಡ್ಡು, ದಾರಿ, ಮನೆ, ಕೊನೆಗೆ ಗಿಡಮರ. ಪ್ರತಿ ಗುರುತಿನ ಪಕ್ಕ ಖಚಿತ, ಇರಬಹುದು, ಗೊತ್ತಿಲ್ಲ ಎಂದು 1, 2, 3 ಹಾಕಿ. ಎಲ್ಲಕ್ಕೂ 1 ಹಾಕಿದ ಶೀಟ್ ಕಂಡರೆ ನೋಡಿದವರು ನೆಟ್ಟಗೆ ನೋಡಿಲ್ಲ ಎಂದೇ ಲೆಕ್ಕ.

ಬಣ್ಣವನ್ನು ಕೊನೆಗೆ ನಂಬಿ. ಮೊದಲು ನೆರಳು, ಆಮೇಲೆ ಎತ್ತರ, ಆಮೇಲೆ ಸಾಲಿನ ಅಂತರ.

ತೆಂಗು ಮತ್ತು ಅಡಿಕೆ: ಎರಡೂ ನಕ್ಷತ್ರದ ಆಕಾರವೇ. ಅಂತರ ಅಳೆಯಿರಿ. ತೆಂಗನ್ನು ಸುಮಾರು 7.5 ಮೀ.ಗೊಂದು ನೆಡುತ್ತಾರೆ, ಪ್ರಿಂಟಿನಲ್ಲಿ 8 ಮಿ.ಮೀ. ಅಡಿಕೆ 2.7 ಮೀ.ಗೊಂದು, ಪ್ರಿಂಟಿನಲ್ಲಿ 3 ಮಿ.ಮೀ.ಗೂ ಕಡಿಮೆ. ಒಡ್ಡಿನ ಮೇಲೆ ಒಂಟಿ ಸಾಲಿನಲ್ಲಿದ್ದರೆ ತೆಂಗು. ಅಡಿಕೆಯನ್ನು ಗದ್ದೆಬಯಲಲ್ಲಿ ಹುಡುಕಬೇಡಿ, ಅದು ಪೋಂಡಾ ಕಡೆಯ ಕಣಿವೆಗಳ ಕುಳಾಗರದ್ದು, ಅಂದರೆ ಅಡಿಕೆ ತೋಟದ್ದು.

ಬಾವಿ ಮತ್ತು ಪೊದೆ: ಎರಡೂ 3–4 ಮಿ.ಮೀ.ನ ಕಪ್ಪು ದುಂಡು. ಬಾವಿಯ ನೆರಳು ಒಳಗೆ, ಸೂರ್ಯನಿರುವ ಬದಿಯಲ್ಲಿ. ಪೊದೆಯ ನೆರಳು ಹೊರಗೆ, ಸೂರ್ಯನಿಗೆ ವಿರುದ್ಧ ಬದಿಯಲ್ಲಿ. ಕೆಂಪುಕಲ್ಲಿನ ಕ್ವಾರಿಗೂ ಇದೇ ನಿಯಮ. ಸ್ಟೀರಿಯೊಸ್ಕೋಪ್ ಇಲ್ಲದೆ ಒಂದೇ ಚಿತ್ರದಲ್ಲೂ ನಡೆಯುತ್ತದೆ, ದಿಬ್ಬ–ಗುಂಡಿಯ ಮೋಸಕ್ಕೂ ಇದು ಬಗ್ಗುವುದಿಲ್ಲ.

ಉಪ್ಪಿನ ಆಗರ ಮತ್ತು ಸಿಗಡಿ ಹೊಂಡ: ಆಗರದ ಚೌಕಗಳು ಚಿಕ್ಕವು, ಬದು ತೆಳು, ಒಂದೊಂದು ಚೌಕಕ್ಕೂ ಬೇರೆ ಬೇರೆ ಛಾಯೆ. ನೀರು ಎಷ್ಟು ಆವಿಯಾಗಿದೆಯೋ ಅದರ ಮೇಲೆ ಬಣ್ಣ. ಬದುವಿನ ಮೇಲೆ ಬಿಳಿ ಗುಪ್ಪೆಗಳು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರ ನೋಡಿದವರಿಗೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಸಿಗಡಿ ಹೊಂಡ ದೊಡ್ಡದು, ಬದು ಗಾಡಿ ಹೋಗುವಷ್ಟು ಅಗಲ, ನೀರು ಒಂದೇ ಸಮ ಹಸಿರು, ಗಾಳಿಚಕ್ರ ತಿರುಗುತ್ತಿದ್ದರೆ ಬಿಳಿ ನೊರೆ. ಮಳೆಗಾಲದಲ್ಲಿ ತೆಗೆದ ಚಿತ್ರ ಇದಕ್ಕೆ ಉಪಯೋಗವಿಲ್ಲ, ಆಗರವೂ ಆಗ ನೀರು ತುಂಬಿ ಹೊಂಡದಂತೆಯೇ ಇರುತ್ತದೆ.

ಒಡ್ಡಿನ ಎತ್ತರ 1.5 ಮೀ. ಅಂದರೆ ಪ್ರಿಂಟಿನಲ್ಲಿ ಕಾಲು ಮಿ.ಮೀ. ವ್ಯತ್ಯಾಸ. ಸ್ಕೇಲಿಗೆ ಸಿಗುವುದಿಲ್ಲ, ಜೋಡಿಗಣ್ಣಿಗೆ ಸ್ಪಷ್ಟ ಕಾಣುತ್ತದೆ. ಒಡೆದ ಒಡ್ಡನ್ನು ಹುಡುಕುವುದೂ ಹೀಗೆಯೇ: ಗೆರೆ ನೆಟ್ಟಗೆ ಬಂದು ತಟ್ಟನೆ ತಗ್ಗಿ, ಅಲ್ಲಿಂದ ಒಳಕ್ಕೆ ಬೀಸಣಿಗೆಯಂತೆ ಹರಡಿದ ತಿಳಿಮಣ್ಣು, ಅದರ ಹಿಂದೆ ಸಾಲು ಅಂತರ ಯಾವುದೂ ಇಲ್ಲದೆ ಎದ್ದ ಎಳೆ ಕಾಂಡ್ಲ.

ಹಂತ 8: ತಾಳೆ

ಹಳೇ ಗೋವಾದಿಂದ ಫೆರಿ. ಮೊಬೈಲ್ ಜಿ.ಪಿ.ಎಸ್. 5 ಮೀ. ತಪ್ಪುತ್ತದೆ, ಈ ಪ್ರಿಂಟಿನಲ್ಲಿ ಅದು 5 ಮಿ.ಮೀ., ಅಂದರೆ ಪಕ್ಕದ ಮರ. ತೂಬಿನ ಕಂಬದಿಂದ ಟೇಪು ಹಿಡಿದು ಹೋಗುವುದೇ ಸರಿ.

ನೆಲದ ಮೇಲೆ ಸುಳ್ಳಾದವು:

ಒಡ್ಡಿನ ಮೇಲಿನ ಬಿಳಿ ಚುಕ್ಕೆಗಳಿಗೆ ಉಪ್ಪಿನ ಗುಪ್ಪೆ, 2 ಎಂದು ಬರೆದಿತ್ತು. ಅವು ಬೆಳ್ಳಕ್ಕಿ. ಪ್ರಿಂಟಿನಲ್ಲೇ ಸುಳಿವಿತ್ತು: ಕೆಲವು ಚುಕ್ಕೆ ಒಡ್ಡಿಗಿಂತ ಮೇಲೆ ತೇಲಿದಂತೆ, ಕೆಲವು ನೆಲಕ್ಕಿಂತ ಕೆಳಗೆ ಇಳಿದಂತೆ ಕಾಣುತ್ತಿದ್ದವು. ಎರಡು ಚಿತ್ರದ ನಡುವಿನ 4 ಸೆಕೆಂಡಿನಲ್ಲಿ ಹಾರಾಟದ ಗೆರೆಗುಂಟ ನಡೆದ ಯಾವುದೇ ವಸ್ತು ಹೀಗೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಬೈಕೂ ಅಷ್ಟೇ.

ತೂಬಿನ ಪಕ್ಕದ ಕಡುಹಸಿರು ಪಟ್ಟೆಗೆ ಕಾಂಡ್ಲ, 1. ಒಡ್ಡಿನ ಮೇಲೆ ಕೆಲಸ ಮಾಡುತ್ತಿದ್ದ ಕುಮಟಾ ಕಡೆಯ ಹಿರಿಯರೊಬ್ಬರು ಪ್ರಿಂಟ್ ನೋಡಿದವರೇ ‘ತಮಾ, ಇದು ಕಾಂಡ್ಲ ಅಲ್ಲ, ಕಾಂಡ್ಲ ಇಷ್ಟು ಸಪಾಟ ಇರೂದಿಲ್ಲ’ ಎಂದರು. ಉಪ್ಪುನೀರಿನ ದಪ್ಪ ಜರೀಗಿಡ, ಎದೆಮಟ್ಟ. ಬಣ್ಣ ಒಂದೇ, ಎತ್ತರ ಬೇರೆ. ಆ ಜಾಗವನ್ನು ಬರೀ ಎಡ ಪ್ರಿಂಟ್ ನೋಡಿ ಬರೆದದ್ದಕ್ಕೆ ಹೀಗಾಯಿತು.

ನೀಲಿ ಚೌಕಕ್ಕೆ ನೀರಿನ ತೊಟ್ಟಿ, 2. ಅದು ತಾಡಪಾಲು ಹೊದಿಸಿದ ಮಾಡು. ನೆರಳು ಹೊರಗೆ ಬಿದ್ದಿತ್ತು, ಬಾವಿಯ ನಿಯಮ ಹಚ್ಚಿದ್ದರೆ ಮನೆಯಲ್ಲೇ ಗೊತ್ತಾಗುತ್ತಿತ್ತು.

ಖರ್ಚು: ಲೆನ್ಸ್ ₹600, ಸನ್‌ಬೋರ್ಡ್ ಮತ್ತು ಅಂಟು ₹150, ಕೆಟ್ಟವೂ ಸೇರಿ ಆರು ಪ್ರಿಂಟಿಗೆ ₹240, ಶೀಟ್ ಮತ್ತು ಮಾರ್ಕರ್ ₹130. ಒಟ್ಟು ₹1,120. ಡ್ರೋನ್ ಬಾಡಿಗೆ ಹಿಡಿದರೆ ಅದೇ ಇದರ ಹಲವು ಪಟ್ಟು.

ಹಂತ 9: ಬಾಕಿ

ಗದ್ದೆಯೊಳಗೆ ಹಾವಿನಂತೆ ಹೊರಳಿದ ಕಪ್ಪು ಪಟ್ಟಿಯೊಂದಿದೆ. ಬದುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ, ಸ್ಟೀರಿಯೊದಲ್ಲಿ ತಗ್ಗು ಕಾಣುವುದಿಲ್ಲ, ನೆಲದ ಮೇಲೆ ನಿಂತರೆ ಕಣ್ಣಿಗೇ ಬೀಳುವುದಿಲ್ಲ. ಒಡ್ಡು ಕಟ್ಟುವ ಮೊದಲು ಉಪ್ಪುನೀರು ಹರಿಯುತ್ತಿದ್ದ ಹಳೆ ಕೋಡಿ ಮುಚ್ಚಿದ ಜಾಗ ಇರಬಹುದು, ಮಣ್ಣು ಅಲ್ಲಿ ತೇವ ಹಿಡಿದಿರಬಹುದು. ಡಿಸೆಂಬರಿನ ಕೂಳೆ ಇನ್ನೂ ಹಸಿ ಇರುವಾಗ ತೇವದ ಛಾಯೆಯನ್ನೂ ಹುಲ್ಲಿನ ಛಾಯೆಯನ್ನೂ ಬೇರೆ ಮಾಡಲಾಗದು. ಅದಕ್ಕೆ ಗದ್ದೆ ಒಣಗಿ ಬಿರುಕು ಬಿಟ್ಟ ಏಪ್ರಿಲ್ ಕೊನೆಯ ಜೋಡಿ ಬೇಕು, ಬೆಳಿಗ್ಗೆ ಒಂಬತ್ತೂವರೆಯೊಳಗೆ, ಇಳಿತದ ಹೊತ್ತಿಗೆ. ಸದ್ಯಕ್ಕೆ ಶೀಟಿನ ಮೇಲೆ ಅದಕ್ಕೆ 3.